ದತ್ತನ ನಾಯಿ, ನಮ್ಮಪ್ಪನ ಲೋಟ



ರಿಟೈರ್ ಆದವರಿಗೆ ಎಲ್ಲರೂ ಹೇಳೋದು ಒಂದೇ ಮಾತು: "ಹೋರಾಟ ಸಾಕು, ಇನ್ನು ದೇವರ ಧ್ಯಾನ ಮಾಡ್ರಿ." ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧ ಧಮ್ಮ ಸ್ವೀಕರಿಸಿದ್ದು 14 ಅಕ್ಟೋಬರ್ 1956ರಂದು, 65ನೇ ವಯಸ್ಸಿನಲ್ಲಿ. ಅವರಿಗೆ ಧರ್ಮ ಅಂದ್ರೆ ವಿಶ್ರಾಂತಿ ಅಲ್ಲ, ಮನುಷ್ಯರಾಗಿ ಬದುಕುವ ದಾರಿ.

ಡಿಸೆಂಬರ್ ಚಳಿ ಬಂತಂದ್ರೆ ನಮ್ಮ ಮಾಣಿಕನಗರದಾಗ ದತ್ತ ಜಯಂತಿ. ಮಾಣಿಕ ಪ್ರಭುಗಳ ಸಕಲಮತ ಸಂಪ್ರದಾಯ ಎಲ್ಲಾ ಮತಗಳನ್ನೂ ಗೌರವಿಸ್ತದ. ದತ್ತನ ಪಟದಾಗ ನಾಲ್ಕು ನಾಯಿಗಳಿವೆ. ಅವೇ ನಾಲ್ಕು ವೇದ ಅಂತಾರೆ. ನಾಯಿ ವೇದ ಆಗಬಹುದು, ಆದರೆ ವೇದ ಕೇಳಿದ ಶೂದ್ರನ ಕಿವಿಗೆ ಕಾದ ತವರ, ಅರಗು ಸುರೀರಿ ಅಂತ ಗೌತಮ ಧರ್ಮಸೂತ್ರ ಹೇಳ್ತದ! ನಾಯಿ ನೀರು ಕುಡೀತಿದ್ದ ಮಹಾಡದ ಚವದಾರ್ ಕೆರೆ ನೀರು ಮುಟ್ಟಲು ನಮ್ಮವರು 1927ರಲ್ಲಿ ಸತ್ಯಾಗ್ರಹ ಮಾಡಬೇಕಾಯ್ತು. ನಾನು ಸಣ್ಣವನಿದ್ದಾಗ ಹೋಟೆಲ್ ನಾಯಿ ಒಳಗ ಮಲಗ್ತಿತ್ತು, ನಮ್ಮಪ್ಪನ ಚಹಾ ಲೋಟ ಹೊರಗ ಇರ್ತಿತ್ತು.

ನಾಯಿ ಮ್ಯಾಲ ಸಿಟ್ಟಿಲ್ಲ. ಈಗ ನನ್ನ ಮನ್ಯಾಗೂ ಒಂದು ಅದ, ಜಾತಿ ಕೇಳದೆ ಮಗ್ಗಲಲ್ಲಿ ಮಲಗ್ತದ. ಸಿಟ್ಟು ಇರೋದು ನಾಯಿಗೆ ಕೊಟ್ಟ ಜಾಗ ಮನುಷ್ಯರಿಗೆ ಕೊಡದ ಭಕ್ತಿ ಮ್ಯಾಲ.

ಈ ಚಳಿಯಾಗ ನಾಯಿಗೆ ಗೋಣಿಚೀಲ ಹೊದಿಸೋ ಕೈ, ನಸುಕಿನಾಗ ಬೀದಿ ಗುಡಿಸೋ ಪೌರಕಾರ್ಮಿಕರನ್ನ ಒಳಗ ಕರೆದು, ಮನೆಯವರು ಕುಡಿಯೋ ಲೋಟದಾಗೇ ಬಿಸಿ ಚಹಾ ಕೊಡ್ಲಿ. ಧ್ಯಾನದ ಮಾತು ಆಮೇಲೆ ಆಡೋಣ.