ಮೈನಸ್ ಒಂದರ ವರ್ಗಮೂಲದ ತಕರಾರು
ಕ್ವಾಂಟಂ ಸಿದ್ಧಾಂತದ ತಮ್ಮದೇ ಸಮೀಕರಣದೊಳಗೆ ಮೈನಸ್ ಒಂದರ ವರ್ಗಮೂಲ ಬಂದು ಕೂತದ್ದು ಭೌತವಿಜ್ಞಾನಿ ಶ್ರೋಡಿಂಗರ್‌ಗೆ ಹಿಡಿಸಿರಲಿಲ್ಲ. 1926ರ ಜೂನ್‌ನಲ್ಲಿ ಹಿರಿಯ ಭೌತವಿಜ್ಞಾನಿ ಲೊರೆಂಟ್ಸ್‌ಗೆ ಬರೆದ ಪತ್ರದಲ್ಲಿ, ಈ ವರ್ಗಮೂಲ ಸೇರಿ ಆಗುವ ಸಂಕೀರ್ಣ ಸಂಖ್ಯೆಗಳ ಬಗ್ಗೆ ಗೊಣಗಿದ್ದಾರೆ. ಒಂದು ಸಂಕೀರ್ಣ ಸಂಖ್ಯೆ ಎಂದರೆ ಎರಡು ವಾಸ್ತವ ಸಂಖ್ಯೆಗಳ ಜೋಡಿ ತಾನೇ, ಬಿಡಿಸಿ ಬರೆದರಾಯಿತು ಎಂದು ನಮಗೂ ಅನ್ನಿಸುತ್ತದೆ. 1960ರಲ್ಲಿ ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ಸ್ಟುಕೆಲ್‌ಬರ್ಗ್ ಹೆಚ್ಚುಕಡಿಮೆ ಅದನ್ನೇ ಮಾಡಿ ತೋರಿಸಿದರು. ಒಂಟಿ ಕಣಕ್ಕೆ ಅಷ್ಟು ಸಾಕು. ತೊಡಕು ಹುಟ್ಟುವುದು, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂಲಗಳಿಂದ ಹೊರಟ, ಪರಸ್ಪರ ಹೆಣೆದುಕೊಂಡ (ಎಂಟ್ಯಾಂಗಲ್ಡ್) ಕಣಜೋಡಿಗಳನ್ನು ಮೂವರಿಗೆ ಹಂಚಿದಾಗ. ನಡುವಿನವನಿಗೆ ಎರಡೂ ಕಡೆಯಿಂದ ಒಂದೊಂದು ಕಣ. ಅವೆರಡನ್ನೂ ಅವನು ಒಟ್ಟಿಗೇ ಅಳೆಯುತ್ತಾನೆ. ಆಗ ಮೂವರ ಫಲಿತಾಂಶಗಳ ನಡುವೆ ಕಾಣುವ ಹೊಂದಾಣಿಕೆ, ಬರೀ ವಾಸ್ತವ ಸಂಖ್ಯೆಗಳ ಸಿದ್ಧಾಂತ ಮುಟ್ಟಬಲ್ಲ ಮಿತಿಯನ್ನು ದಾಟುತ್ತದೆ ಎಂದು 2021ರಲ್ಲಿ ‘ನೇಚರ್’ನ ಲೇಖನವೊಂದು ಲೆಕ್ಕ ಕೊಟ್ಟಿತು. ಮರುವರ್ಷ ಚೀನಾದ ಪ್ರಯೋಗಗಳು ಅದನ್ನು ಅಳೆದೂ ತೋರಿಸಿದವು. ಹಾಗಾದರೆ ಮೈನಸ್ ಒಂದರ ವರ್ಗಮೂಲದಂಥ ಕಾಲ್ಪನಿಕ ಸಂಖ್ಯೆ ನಿಜವಾಗಿಯೇ ಜಗತ್ತಿನಲ್ಲಿದೆಯೆ? ಅಷ್ಟು ಅವಸರ ಬೇಡ. ಆ ಮಿತಿ ನಿಂತಿರುವುದು ಬೇರೆಬೇರೆ ವ್ಯವಸ್ಥೆಗಳನ್ನು ಕೂಡಿಸುವ ಟೆನ್ಸರ್ ಗುಣಾಕಾರದ ನಿಯಮದ ಮೇಲೆ. ಅದನ್ನು ಸಡಿಲಿಸಿದರೆ ವಾಸ್ತವ ಸಂಖ್ಯೆಗಳಿಂದಲೇ ಅದೇ ಉತ್ತರ ತೆಗೆಯಬಹುದು. ಲೆಕ್ಕ ಮಾತ್ರ ಉದ್ದವಾಗುತ್ತದೆ, ದಿನನಿತ್ಯದ ಕೆಲಸಕ್ಕೆ ಯಾವ ಭೌತವಿಜ್ಞಾನಿಯೂ ಅದನ್ನು ಆರಿಸಿಕೊಳ್ಳಲಾರ.