ಹೆಸರಿಲ್ಲದ ಮೆಟ್ಟು

ಮಿಲಾನ್ ನಗರದಲ್ಲಿ 1913ರಲ್ಲಿ ಮಾರಿಯೋ ಪ್ರಾಡ ಎಂಬವನು ಸಹೋದರನೊಡನೆ ಚರ್ಮದ ಸಾಮಾನುಗಳ ಅಂಗಡಿಯೊಂದನ್ನು ತೆರೆದನು. 1919ರಲ್ಲಿ ಅದಕ್ಕೆ ಇಟಲಿಯ ರಾಜಮನೆತನದ ಮನ್ನಣೆ ದೊರೆಯಿತು. ಮೊಮ್ಮಗಳು ಮಿಯುಚ್ಚಾಳ ಕಾಲದಲ್ಲಿ ಅದು ಜಗದ್ವಿಖ್ಯಾತವಾಯಿತು. ಆ ಸಂಸ್ಥೆಯೇ 2025ರ ಜೂನ್ ತಿಂಗಳಲ್ಲಿ ಕೊಲ್ಹಾಪುರಿ ಮೆಟ್ಟನ್ನು ಹೋಲುವ ಪಾದರಕ್ಷೆಗಳನ್ನು ಮೂಲವನ್ನು ಹೇಳದೆ ಪ್ರದರ್ಶಿಸಿತು. ನಮ್ಮವರು ಚೌರ್ಯವೆಂದು ಕೂಗಿದರು. ಸಂಸ್ಥೆಯು ಋಣವನ್ನೊಪ್ಪಿ, ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಚರ್ಮೋದ್ಯಮ ನಿಗಮದೊಡನೆಯೂ ನಮ್ಮ ಲಿಡ್ಕರ್ ನಿಗಮದೊಡನೆಯೂ ಒಡಂಬಡಿಕೆ ಮಾಡಿಕೊಂಡಿತು.

ಕೂಗಿದ ಮಹನೀಯರನ್ನು ಕೇಳುವುದಿಷ್ಟೆ: ಈ ಮೆಟ್ಟಿನ ಭೌಗೋಳಿಕ ಮಾನ್ಯತೆಯು 2019ರಿಂದ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಸಲ್ಲುವುದೆಂಬುದನ್ನು ನಿಮ್ಮಲ್ಲಿ ಎಷ್ಟು ಮಂದಿ ಬಲ್ಲಿರಿ? ಅಥಣಿಯಲ್ಲಿ ಹೊಲಿದುದೂ ಕೊಲ್ಹಾಪುರದ ಹೆಸರಿನಿಂದಲೇ ಬಿಕರಿಯಾಗುವುದಷ್ಟೆ! ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡಿದವರು ಕಟ್ಟಿಸಿದ ಹನುಮಪ್ಪ ನಾಯಕನನ್ನು ಕೊಂಡಾಡುವರು. ಕಲ್ಲು ಕೆತ್ತಿದವನಾರೆಂದು ಕೇಳುವವರುಂಟೆ? ಪ್ರಾಡನು ಚರ್ಮದ ಮೇಲೆ ತನ್ನ ಹೆಸರನ್ನೊತ್ತಿ ಧನಿಕನಾದನು. ನಮ್ಮ ಸಮಾಜವು ಚರ್ಮ ಮುಟ್ಟಿದವನನ್ನೇ ಊರ ಹೊರಗಿಟ್ಟಿತು. ಇವೆರಡರಲ್ಲಿ ಹಿರಿಯ ಅಪಹಾರ ಯಾವುದು?

ಮೆಟ್ಟಿನ ಮೇಲೆ ಹೊಲಿದವನ ಹೆಸರೂ ಊರೂ ಅಚ್ಚಾಗಲಿ. ಅವನು ಹೇಳಿದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡೋಣ. ಪರದೇಶದವರನ್ನು ಕಳ್ಳರೆನ್ನುವ ಅಧಿಕಾರ ಆ ಬಳಿಕ ನಮಗೆ ಬಂದೀತು.