ದೂರದಿಂದ ನೀರಿನ ಮೀಟರ್‌ ಓದುವುದು: ಗ್ರಾಹಕನಿಗೇನು ಲಾಭ?

ಸುಮಾರು ನೂರು ಕಿಲೋಮೀಟರ್‌ ದೂರದಿಂದ, ಐದುನೂರು ಮೀಟರಿನಷ್ಟು ಎತ್ತರಕ್ಕೆ ಪಂಪುಗಳ ಮೂಲಕ ಏರಿಸಿ ತರುವ ಕಾವೇರಿ ನೀರು ಬೆಂಗಳೂರಿಗೆ ಅಗ್ಗದ ಸರಕಲ್ಲ. 2024ರ ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರ್‌ ಸಾಮರ್ಥ್ಯದ ಐದನೆಯ ಹಂತ ಉದ್ಘಾಟನೆಗೊಂಡಿತು. 2025ರ ಏಪ್ರಿಲ್‌ನಲ್ಲಿ, ಹತ್ತು ವರ್ಷಗಳಿಗೂ ಮೀರಿದ ಅವಧಿಯ ಬಳಿಕ, ದರವೂ ಏರಿತು. ಆದರೆ ಈ ನೀರನ್ನು ಅಳೆಯುವ ಕ್ರಮ ಬಹುಮಟ್ಟಿಗೆ ಹಳೆಯದೇ. ತಿಂಗಳಿಗೊಮ್ಮೆ ಮೀಟರ್‌ ರೀಡರ್‌ ಬಾಗಿಲಿಗೆ ಬಂದು, ಮುಚ್ಚಳ ತೆರೆದು, ಅಂಕಿಗಳನ್ನು ಓದಿ ಬಿಲ್ಲು ನೀಡಬೇಕು.

ರೇಡಿಯೋ ತರಂಗದ ಮೂಲಕ ದೂರದಿಂದಲೇ ಮೀಟರ್‌ ಓದುವ ವ್ಯವಸ್ಥೆಯನ್ನು ಸಮರ್ಥಿಸುವವರು ಸಾಮಾನ್ಯವಾಗಿ ಸಿಬ್ಬಂದಿ ವೆಚ್ಚದ ಉಳಿತಾಯವನ್ನು ಮುಂದಿಡುತ್ತಾರೆ. ಇದು ದುರ್ಬಲ ವಾದ. ನಿಜವಾದ ಪ್ರಯೋಜನವಿರುವುದು ಪ್ರತಿದಿನದ ಅಂಕಿ ದೊರೆಯುವುದರಲ್ಲಿ. ಪೀಣ್ಯದ ಸಣ್ಣ ಕಾರ್ಖಾನೆಯೊಂದರ ಸಂಪು ಬಿರುಕುಬಿಟ್ಟು ನಿಮಿಷಕ್ಕೆ ಒಂದೇ ಲೀಟರ್‌ ನೀರು ಸೋರುತ್ತಿದೆಯೆನ್ನೋಣ. ದಿನಕ್ಕೆ 1,440 ಲೀಟರ್‌, ತಿಂಗಳಿಗೆ 43 ಸಾವಿರ ಲೀಟರ್‌ ಭೂಮಿಯ ಪಾಲಾಗುತ್ತದೆ. ಬಿಲ್ಲು ಕೈಸೇರುವವರೆಗೆ ಮಾಲೀಕನಿಗೆ ಸುಳಿವೇ ಇರದು; ಗೃಹಬಳಕೆಗಿಂತ ದುಬಾರಿಯಾದ ದರದಲ್ಲಿ ಆತ ಅಷ್ಟನ್ನೂ ತೆರಬೇಕಾಗುತ್ತದೆ. ದಿನದ ಅಂಕಿ ಕಣ್ಣಮುಂದಿದ್ದರೆ ಮೂರನೆಯ ದಿನವೇ ಅನುಮಾನ ಬಂದೀತು.

ಇಲ್ಲೊಂದು ತೊಡಕಿದೆ, ಮಾರಾಟಗಾರರು ಅದನ್ನು ಹೇಳುವುದು ಅಪರೂಪ. ಬೆಂಗಳೂರಿನ ಬಹುಪಾಲು ಬಡಾವಣೆಗಳಿಗೆ ನೀರು ದಿನವಿಡೀ ಬರುವುದಿಲ್ಲ. ನಿಂತ ನೀರು ಮರಳಿ ಬರುವಾಗ ಕೊಳವೆಯಲ್ಲಿ ತುಂಬಿದ್ದ ಗಾಳಿ ಮುಂದೆ ನುಗ್ಗಿ ಯಾಂತ್ರಿಕ ಮೀಟರಿನ ಚಕ್ರವನ್ನು ತಿರುಗಿಸುತ್ತದೆ. ಗಾಳಿಯೂ ನೀರೆಂದೇ ದಾಖಲಾಗುತ್ತದೆ. ಅಂಥ ಮೀಟರಿಗೆ ರೇಡಿಯೋ ಜೋಡಿಸಿದರೆ ತಪ್ಪು ಅಂಕಿ ಬೇಗ ತಲುಪುತ್ತದೆ, ಅಷ್ಟೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ಪ್ರದೇಶಗಳಲ್ಲಿ 2008ರ ಸುಮಾರಿಗೆ ಆರಂಭವಾದ ನಿರಂತರ ನೀರು ಪೂರೈಕೆಯಲ್ಲಿ ಹೊಸ ಕೊಳವೆಜಾಲ ಮತ್ತು ಮೀಟರುಗಳು ಜೊತೆಜೊತೆಯಾಗಿ ಬಂದವು. ಆ ಕ್ರಮವೇ ಸರಿ. ನಿರಂತರ ಒತ್ತಡ ಸಾಧ್ಯವಾಗದ ಕಡೆ ಗಾಳಿ ಹೊರಬಿಡುವ ಕವಾಟಗಳನ್ನಾದರೂ ಅಳವಡಿಸಿ, ಚಲಿಸುವ ಭಾಗಗಳಿಲ್ಲದ ಅಲ್ಟ್ರಾಸಾನಿಕ್‌ ಮೀಟರುಗಳನ್ನು ಮೊದಲು ಪರೀಕ್ಷಿಸಿ ನೋಡಬೇಕು.

ಆದ್ದರಿಂದ ನಗರದ ಎಲ್ಲ ಸಂಪರ್ಕಗಳಿಗೂ ಒಮ್ಮೆಲೇ ಕೈಹಾಕುವುದು ವಿವೇಕವೆನಿಸದು. ಕಾರ್ಖಾನೆ, ಹೋಟೆಲು, ಆಸ್ಪತ್ರೆ, ದೊಡ್ಡ ವಸತಿ ಸಮುಚ್ಚಯಗಳಿಂದ ಪ್ರಾರಂಭಿಸಬಹುದು. ಸಂಪರ್ಕಗಳ ಸಂಖ್ಯೆ ಕಡಿಮೆ, ನೀರಿನ ಪ್ರಮಾಣ ಹೆಚ್ಚು. ಅಲ್ಲಿಯೂ ಉದ್ಯಮಿಗಳು ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವೆ. ದಿನದ ಅಂಕಿ ಗ್ರಾಹಕನಿಗೂ ಅದೇ ದಿನ ಕಾಣುವುದೇ, ಇಲ್ಲವೇ ಜಲಮಂಡಳಿಯ ಕಂಪ್ಯೂಟರಿನಲ್ಲಿಯೇ ಉಳಿಯುವುದೇ? ವಿವಾದವೆದ್ದರೆ ಮೀಟರನ್ನು ಸ್ವತಂತ್ರ ಪ್ರಯೋಗಾಲಯದಲ್ಲಿ ಪರೀಕ್ಷಿಸುವ ವೆಚ್ಚ ಯಾರದು? ಇಂಥ ಮೀಟರು ಬ್ಯಾಟರಿಯ ಮೇಲೆ ನಡೆಯುವಂಥದ್ದು; ಕೆಲವು ವರ್ಷಗಳಲ್ಲಿ ಅದು ಬರಿದಾಗುವುದು ನಿಶ್ಚಿತ. ಆ ದಿನ ಬದಲಿಸಬೇಕಾದವರು ಯಾರು, ಬದಲಿಸುವವರೆಗೆ ಸರಾಸರಿ ಬಿಲ್ಲು ಎಷ್ಟು ತಿಂಗಳು ನಡೆಯಬಹುದು ಎಂಬುದೂ ಕರಾರಿನಲ್ಲಿಯೇ ನಮೂದಾಗಬೇಕು.